ಮಳೆಗಾಲಕ್ಕೆ ಟಿವಿ ಬಂದ್, ರೇಡಿಯೋ ಚಾಲೂ: ಶಾಂತಳ್ಳಿ ಕಡೆಯಿಂದ ಒಂದು ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ಕೊಡಗಿನಲ್ಲಿ ಮಳೆ ಜಾಸ್ತಿ ಬೀಳುವ ಕಡೆ ನಿಮ್ಮ ಮನೆ ಇದ್ದರೆ, ಮನೆಯಲ್ಲಿ ವಯಸ್ಸಾದವರೂ ಇದ್ದರೆ, ಜೂನ್ ಕೊನೆಗೆ ಟಿವಿ ನಿಲ್ಲಿಸಿಬಿಡಿ. ಆ ದುಡ್ಡಿಗೆ ಒಂದು ಒಳ್ಳೆಯ ರೇಡಿಯೋ ಸೆಟ್ ತಗೊಳ್ಳಿ. ಸೆಪ್ಟೆಂಬರ್ ಕಳೆದ ಮೇಲೆ ಬೇಕಾದರೆ ಮತ್ತೆ ಟಿವಿ ಹಾಕಿಸಿಕೊಳ್ಳಿ. ನಮ್ಮ ಮನೆಯಲ್ಲಿ ಈಗ ಹೀಗೇ ನಡೆಯುತ್ತಿದೆ. ಡಿಶ್ ನಿಲ್ಲಿಸುವ ಸೌಲಭ್ಯ ಹೇಗಿದೆ, ಎಂಥ ಸೆಟ್ ತರಬೇಕು, ಮಡಿಕೇರಿ ಆಕಾಶವಾಣಿಯನ್ನು ನಂಬಿ ಮೂರು ತಿಂಗಳು ಕಳೆಯಬಹುದಾ, ಎಲ್ಲಾ ಇಲ್ಲಿ ಬರೆಯುತ್ತೇನೆ.

ನಮ್ಮದು ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆ ಹೋಗುವಾಗ ಸಿಗುವ ಊರು. ಪುಷ್ಪಗಿರಿ ತಪ್ಪಲು. ಮಲ್ಲಳ್ಳಿ ಜಲಪಾತ ನೋಡಲು ಬರುವ ಕಾರುಗಳು ನಮ್ಮ ಗೇಟಿನ ಮುಂದೆಯೇ ಹೋಗುತ್ತವೆ. ಕಾಫಿ, ಕಾಳುಮೆಣಸು, ಒಂದಿಷ್ಟು ಏಲಕ್ಕಿ, ಮನೆ ಕೆಳಗೆ ಗದ್ದೆ. ಮನೆಯಲ್ಲಿ ನಾನು, ನಮ್ಮನೆಯವರು, ಅತ್ತೆ, ಹೈಸ್ಕೂಲಿಗೆ ಹೋಗುವ ಮಗ. ಮಗಳು ಮೈಸೂರಿನಲ್ಲಿ ಓದುತ್ತಿದ್ದಾಳೆ.

ನಮ್ಮ ಕಡೆ ಜೋರು ಮಳೆಯಲ್ಲಿ ಡಿಶ್ ಕೆಲಸ ಮಾಡುವುದಿಲ್ಲ. ಇದು ಒಂದು ಕಂಪನಿಯ ತಪ್ಪಲ್ಲ, ಯಾವ ಕಂಪನಿಯದ್ದು ಹಾಕಿಸಿದರೂ ಇಷ್ಟೇ. ಮನೆ ಮೇಲಿನ ಸಣ್ಣ ಡಿಶ್‌ಗೆ ಉಪಗ್ರಹದಿಂದ ಬರುವುದು ಕೆಯು ಬ್ಯಾಂಡ್ ಸಿಗ್ನಲ್. ಆ ತರಂಗವನ್ನು ಮಳೆಹನಿಗಳು ಹೀರಿಕೊಳ್ಳುತ್ತವೆ, ಚದುರಿಸುತ್ತವೆ. ಬಯಲುಸೀಮೆಯಲ್ಲಿ ಗುಡುಗು ಮಳೆ ಬಂದು ಅರ್ಧ ಗಂಟೆಗೆ ನಿಲ್ಲುತ್ತದೆ, ಚಿತ್ರ ವಾಪಸ್ ಬರುತ್ತದೆ. ಇಲ್ಲಿ ಜುಲೈಯಲ್ಲಿ ಹಿಡಿದ ಮಳೆ ಬಿಡುವುದೇ ಇಲ್ಲ. ಪರದೆ ಮೇಲೆ ಚೌಕ ಚೌಕ ಚೂರುಗಳು, ಅರ್ಧ ಮಾತು, ಆಮೇಲೆ ‘ಸಿಗ್ನಲ್ ಇಲ್ಲ’ ಅನ್ನುವ ಬರಹ. ಇದರ ಜೊತೆಗೆ ಯಾವುದಾದರೂ ಮರ ಲೈನ್ ಮೇಲೆ ಬಿದ್ದರೆ ಕರೆಂಟೂ ಇಲ್ಲ. ಇಷ್ಟಾದರೂ ತಿಂಗಳ ಪ್ಯಾಕ್ ದುಡ್ಡು ಮಾತ್ರ ಪೂರ್ತಿ ಹೋಗುತ್ತದೆ, ಅಲ್ವಾ?

ದುಡ್ಡಿನ ಲೆಕ್ಕವೊಂದೇ ಆಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಿಜವಾದ ಕಾರಣ ಅತ್ತೆ.

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಿದ್ದು ಕೊಡಗಿನವರು ಯಾರೂ ಮರೆಯುವಂಥದ್ದಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬಟ್ಟಗೇರಿ, ಜೋಡುಪಾಲ, ಒಂದೊಂದು ಹೆಸರು ಕೇಳಿದರೂ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಮರುವರ್ಷ ತೋರದಲ್ಲಿ ಗುಡ್ಡ ಕುಸಿಯಿತು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಜರಿದು ಅರ್ಚಕರ ಕುಟುಂಬವೇ ಹೋಯಿತು. ಅತ್ತೆಯ ತವರು ಮಾದಾಪುರದ ಆಚೆ. ಅವರ ಅಣ್ಣನ ತೋಟದಲ್ಲಿ ಒಂದು ಬದಿ ಪೂರ್ತಿ ಇಳಿದು ಹೊಳೆ ಸೇರಿತ್ತು. ಅಲ್ಲಿಂದ ಇಲ್ಲಿಗೆ ಪ್ರತಿ ಮಳೆಗಾಲ ನಮ್ಮ ಟಿವಿಯಲ್ಲಿ ಒಂದೇ ಕಥೆ. ಮಡಿಕೇರಿಯಲ್ಲಿ ನಾಲ್ಕು ದಿನ ಮಳೆ ಹಿಡಿದರೆ ಸಾಕು, ಸುದ್ದಿ ಚಾನೆಲ್‌ಗಳಲ್ಲಿ ಹಳೆಯ ದೃಶ್ಯ ಶುರು. ಅದೇ ಮನೆ ಕುಸಿದು ಕೆಳಗೆ ಜಾರುವುದು, ಅದೇ ಕೆಂಪು ನೀರು, ಕೆಳಗೆ ದೊಡ್ಡ ಅಕ್ಷರದಲ್ಲಿ ಕೊಡಗಿಗೆ ಕಂಟಕ ಅಂತ ಬರಹ. ಹಳೆಯದು ಅಂತ ಒಂದು ಮೂಲೆಯಲ್ಲೂ ಹಾಕಿರುವುದಿಲ್ಲ. ಅತ್ತೆ ಅದನ್ನು ಬೆಳಿಗ್ಗೆಯಿಂದ ನೋಡುತ್ತಿದ್ದರು. ರಿಮೋಟ್ ಕೊಡಿ ಅಂದರೆ ಕೊಡುತ್ತಿರಲಿಲ್ಲ. ‘ನಮ್ಮ ಕಡೆದು ತೋರಿಸ್ತಾರೇನೋ, ತಡಿ’ ಅನ್ನುವರು. ರಾತ್ರಿ ಎದ್ದು ಹಿಂದಿನ ಬಾಗಿಲು ತೆಗೆದು ಬರೆ (ಕಡಿದಾದ ಮಣ್ಣಿನ ದಿಬ್ಬ) ಕಡೆ ಟಾರ್ಚ್ ಬಿಡುವರು. ಬಿಪಿ ಮಾತ್ರೆ ಜಾಸ್ತಿ ಮಾಡಬೇಕಾಗಿ ಬಂತು.

ಇನ್ನೊಂದು ಕಡೆಯಿಂದ ಬೆಂಗಳೂರಿನ ನೆಂಟರ ಫೋನು. ‘ಟಿವಿಲಿ ತೋರಿಸ್ತಿದ್ದಾರೆ, ನೀವೆಲ್ಲಾ ಹೇಗಿದ್ದೀರಾ?’ ಪಾಪ, ಅವರಿಗೂ ಗಾಬರಿ. ನಾವು ಇಲ್ಲಿ ಗದ್ದೆ ನಾಟಿ ಮುಗಿಸಿ ಕಣಿಲೆ (ಎಳೆ ಬಿದಿರು) ಸಾರು ಮಾಡುತ್ತಿರುತ್ತೇವೆ.

ಅಪಾಯ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅಪಾಯ ಇದ್ದೇ ಇದೆ, ಅದಕ್ಕೇ ಸರಿಯಾದ ಸುದ್ದಿ ಬೇಕು. ಯಾವ ರಸ್ತೆ ಬಂದ್ ಆಗಿದೆ, ಎಲ್ಲಿ ಬರೆ ಜರಿದಿದೆ, ನಾಳೆಗೆ ಹವಾಮಾನ ಇಲಾಖೆ ಏನು ಹೇಳಿದೆ, ಶಾಲೆಗೆ ರಜೆ ಇದೆಯಾ. ಇಷ್ಟೇ ನಮಗೆ ಬೇಕಾಗಿರುವುದು. ರಾಜ್ಯಕ್ಕೆಲ್ಲಾ ಒಂದೇ ಸುದ್ದಿ ಹೇಳುವ ಚಾನೆಲ್‌ನಲ್ಲಿ ಇದು ಸಿಗುವುದಿಲ್ಲ.

ಡಿಶ್ ನಿಲ್ಲಿಸುವ ವಿಷಯಕ್ಕೆ ಬರುತ್ತೇನೆ. ಸಂಪರ್ಕವನ್ನು ಪೂರ್ತಿ ಕೀಳಿಸಬೇಕಾಗಿಲ್ಲ. ತಾತ್ಕಾಲಿಕವಾಗಿ ನಿಲ್ಲಿಸಿಕೊಳ್ಳುವ ಅವಕಾಶ ಟ್ರಾಯ್‌ನ (ಫೋನ್, ಟಿವಿ ಕಂಪನಿಗಳಿಗೆ ನಿಯಮ ಮಾಡುವ ಪ್ರಾಧಿಕಾರ) 2017ರ ನಿಯಮದಲ್ಲೇ ಇದೆ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಗ್ರಾಹಕ ಕೇಳಿದರೆ ನಿಲ್ಲಿಸಬೇಕು, ನಿಲ್ಲಿಸಿದ ಅವಧಿಗೆ ಚಾನೆಲ್ ದುಡ್ಡು ಹಾಕುವ ಹಾಗಿಲ್ಲ. ಈವತ್ತು ಫೋನ್ ಮಾಡಿ ನಾಳೆಯಿಂದಲೇ ಅಂದರೆ ಆಗುವುದಿಲ್ಲ, ಮೊದಲೇ ಹೇಳಬೇಕು. ಅದಕ್ಕೇ ಜೂನ್ ಶುರುವಿನಲ್ಲೇ ಈ ಕೆಲಸ ಮುಗಿಸಿ. ನಮ್ಮ ಕಂಪನಿಯ ಹೆಸರು ಬೇಡ. ಅವರ ಗ್ರಾಹಕ ಸೇವೆಯವರು ಮೊದಲು ಕಡಿಮೆ ದುಡ್ಡಿನ ಪ್ಯಾಕ್ ತಗೊಳ್ಳಿ ಅಂದರು. ಆಮೇಲೆ ಮೂರು ತಿಂಗಳು ಕಟ್ಟಿದರೆ ಒಂದು ತಿಂಗಳು ಪುಕ್ಕಟೆ ಅಂದರು. ನಮ್ಮನೆಯವರು ಸಮಾಧಾನವಾಗಿ, ಟ್ರಾಯ್ ನಿಯಮದ ಪ್ರಕಾರ ತಾತ್ಕಾಲಿಕ ನಿಲುಗಡೆ ಬೇಕು ಅಂತ ಅಷ್ಟನ್ನೇ ಮತ್ತೆ ಮತ್ತೆ ಹೇಳಿದರು. ಕೊನೆಗೆ ಮಾಡಿಕೊಟ್ಟರು. ಮೊಬೈಲಿಗೆ ದೂರು ಸಂಖ್ಯೆಯ ಹಾಗೆ ಒಂದು ನಂಬರ್ ಬರುತ್ತದೆ. ಅದನ್ನು ಅಳಿಸಬೇಡಿ, ಮತ್ತೆ ಚಾಲೂ ಮಾಡಿಸುವಾಗ ಬೇಕಾಗುತ್ತದೆ. ಸೌಲಭ್ಯ ಚೆನ್ನಾಗಿದೆ, ಕೇಳಿ ಪಡೆಯುವ ಗಟ್ಟಿತನ ಬೇಕು.

ಇನ್ನು ಸೆಟ್. ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಅಂಗಡಿಯಲ್ಲಿ ಇದನ್ನೆಲ್ಲಾ ಯಾರೂ ಹೇಳುವುದಿಲ್ಲ.

ಅಂಗೈಯಗಲದ ಸೆಟ್ ತರಲೇಬೇಡಿ. ನೋಡಲು ಮುದ್ದಾಗಿರುತ್ತದೆ, ರೇಟೂ ಕಡಿಮೆ. ಅದರ ಸ್ಪೀಕರ್ ನಮ್ಮ ಮಳೆಗೆ ಸಾಲುವುದಿಲ್ಲ. ನಮ್ಮ ಹಿಂದಿನ ಕೈಸಾಲೆಗೆ ಶೀಟ್ ಹಾಕಿದೆ. ಶೀಟಿನ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಅಲ್ಲೇ ನಾವು ಸೌದೆ ಒಲೆ ಮುಂದೆ ಕೂರುವುದು, ರೇಡಿಯೋ ಇಡುವುದೂ ಅಲ್ಲೇ. ಹಾಗಾಗಿ ದೊಡ್ಡ ಸ್ಪೀಕರಿನ, ಹಿಡಿಕೆ ಇರುವ ಸೆಟ್ ಬೇಕು. ಅಂಗಡಿಯಲ್ಲೇ ಪೂರ್ತಿ ವಾಲ್ಯೂಮ್ ಕೊಟ್ಟು, ಮಾತು ಒಡೆಯುತ್ತದಾ ನೋಡಿ. ಹಾಡು ಹಾಕಿ ನೋಡಿದರೆ ಗೊತ್ತಾಗುವುದಿಲ್ಲ, ಸುದ್ದಿ ಓದುವಾಗ ಪರೀಕ್ಷೆ ಮಾಡಿ.

ಸೆಲ್ ಹಾಕುವ ವ್ಯವಸ್ಥೆ ಇರಲೇಬೇಕು. ಈಗ ಬರುವ ಎಷ್ಟೋ ಸೆಟ್ಟುಗಳಿಗೆ ಒಳಗೇ ಬ್ಯಾಟರಿ ಇರುತ್ತದೆ, ಚಾರ್ಜರ್ ಚುಚ್ಚಬೇಕು. ಮೂರು ದಿನ ಕರೆಂಟ್ ಇಲ್ಲದಿದ್ದರೆ ಏನು ಮಾಡುವುದು? ನಾವು ತಂದಿರುವುದಕ್ಕೆ ಟಾರ್ಚಿಗೆ ಹಾಕುವ ದಪ್ಪ ಸೆಲ್ಲೇ ಆಗುತ್ತದೆ. ಅದು ಶಾಂತಳ್ಳಿಯ ಸಣ್ಣ ಅಂಗಡಿಯಲ್ಲೂ ಸಿಗುತ್ತದೆ. ಕರೆಂಟ್ ಇರುವಾಗ ವೈರ್ ಹಾಕಿಕೊಳ್ಳಬಹುದು. ದಿನಕ್ಕೆ ಮೂರು ನಾಲ್ಕು ಗಂಟೆ ಹಾಕಿದರೂ ಸೆಲ್ ಬಹಳ ದಿನ ಬಾಳುತ್ತದೆ.

ತಿರುಗಿಸುವ ಗುಬುಟು, ಗೆರೆ ಗೆರೆಯ ಡಯಲ್ ಇರುವುದೇ ಅತ್ತೆಗೆ ಅನುಕೂಲ. ಬಟನ್ ಒತ್ತಿ ಹುಡುಕುವ ಡಿಜಿಟಲ್ ಸೆಟ್ಟನ್ನೂ ಅಂಗಡಿಯವರು ತೋರಿಸಿದರು. ಕನ್ನಡಕ ಇಲ್ಲದೆ ಅದರ ಸಂಖ್ಯೆ ಓದಲು ಆಗಲ್ಲ ಅಂತ ಅತ್ತೆ ಅಲ್ಲೇ ಬೇಡ ಅಂದರು. ನಮ್ಮ ಸೆಟ್ಟಿನ ಡಯಲ್ ಮೇಲೆ ಮಡಿಕೇರಿ ಕೇಂದ್ರ ಸಿಗುವ 103ರ ಜಾಗಕ್ಕೆ ಮಗ ಕೆಂಪು ಉಗುರುಬಣ್ಣದಲ್ಲಿ ಒಂದು ಚುಕ್ಕಿ ಇಟ್ಟುಕೊಟ್ಟಿದ್ದಾನೆ. ಅತ್ತೆ ಮುಳ್ಳನ್ನು ಆ ಚುಕ್ಕಿಗೆ ತಂದು ನಿಲ್ಲಿಸುತ್ತಾರೆ, ಆಮೇಲೆ ಕೂದಲೆಳೆಯಷ್ಟು ಆಚೆ ಈಚೆ ಮಾಡುತ್ತಾರೆ, ಗೊರ ಗೊರ ಹೋಗಿ ದನಿ ಬರುತ್ತದೆ. ಇಷ್ಟೆಲ್ಲಾ ಇರುವ ಮೂರು ಬ್ಯಾಂಡಿನ ಸೆಟ್ ಎರಡು ಸಾವಿರ ರೂಪಾಯಿ ಒಳಗೆ ಬಂತು.

ಒಂದು ತೊಂದರೆ ಎಲ್ಲರಿಗೂ ಬರುತ್ತದೆ. ಎಫ್ಎಂ ತರಂಗ ನೇರವಾಗಿ ಹೋಗುತ್ತದೆ, ಬೆಟ್ಟ ಅಡ್ಡ ಬಂದರೆ ಅದರ ಹಿಂದೆ ಸಿಗ್ನಲ್ ನೆರಳು. ಮಡಿಕೇರಿ ಇರುವುದು ಸುಮಾರು 3,800 ಅಡಿ ಎತ್ತರದಲ್ಲಿ, ಅಲ್ಲಿಂದ ಎತ್ತರದ ಮನೆಗಳಿಗೆ ಸಲೀಸಾಗಿ ಬರುತ್ತದೆ. ಕಣಿವೆಯಲ್ಲಿರುವ ಮನೆಗೆ ಕಷ್ಟ. ನಮ್ಮ ಹಾಲ್‌ನಲ್ಲಿ ಬರಲೇ ಇಲ್ಲ. ಕೈಸಾಲೆಯ ತೆಂಕಣ ಮೂಲೆಯಲ್ಲಿ, ನೆಲದಿಂದ ಆಳೆತ್ತರದಲ್ಲಿ ಗೂಡಿನಲ್ಲಿಟ್ಟು, ಏರಿಯಲ್ ಪೂರ್ತಿ ಎಳೆದು ಓರೆ ಮಾಡಿದರೆ ಶುದ್ಧವಾಗಿ ಬರುತ್ತದೆ. ಒಂದು ಮೊಳ ಪಕ್ಕಕ್ಕೆ ಸರಿದರೆ ಕೆಡುತ್ತದೆ. ಸೆಟ್ ಕೆಟ್ಟಿದೆ ಅಂತ ವಾಪಸ್ ಕೊಡುವ ಮೊದಲು ಮನೆಯ ಎಲ್ಲಾ ಮೂಲೆಯಲ್ಲಿ ಇಟ್ಟು ನೋಡಿ. ಸಿಕ್ಕ ಜಾಗಕ್ಕೆ ಒಂದು ಹಲಗೆ ಹೊಡೆಸಿಬಿಡಿ.

ಹಗಲಲ್ಲಿ ಎಫ್ಎಂ ಸಿಗದಿದ್ದರೂ ರಾತ್ರಿ ಮೀಡಿಯಂ ವೇವ್ ಕೈಹಿಡಿಯುತ್ತದೆ. ಕತ್ತಲಾದ ಮೇಲೆ ಆ ತರಂಗ ಆಕಾಶದ ಮೇಲಿನ ಪದರಕ್ಕೆ ಬಡಿದು ದೂರಕ್ಕೆ ಬರುತ್ತದೆ. 612ರಲ್ಲಿ ಬೆಂಗಳೂರು, 765ರಲ್ಲಿ ಧಾರವಾಡ. ಮನೆಯ ಎಲ್‌ಇಡಿ ಬಲ್ಬು, ಯುಪಿಎಸ್ ಚಾಲೂ ಇದ್ದರೆ ಅದರಲ್ಲಿ ಗುಂಯ್ ಅನ್ನುವ ಸದ್ದು ಸೇರಿಕೊಳ್ಳುತ್ತದೆ. ಕರೆಂಟ್ ಹೋದ ರಾತ್ರಿ ಧಾರವಾಡ ಎಷ್ಟು ಚೆನ್ನಾಗಿ ಬರುತ್ತದೆ ಅಂದರೆ, ಪಕ್ಕದ ಕೋಣೆಯಲ್ಲಿ ಕೂತು ಓದುತ್ತಿದ್ದಾರೆ ಅನ್ನಿಸುತ್ತದೆ.

ಈಗ ಮಡಿಕೇರಿ ಆಕಾಶವಾಣಿ. 103.1. ಈ ಕೇಂದ್ರ ಶುರುವಾಗಿದ್ದು 1993ರಲ್ಲಿ. ನಾನು ಇದಕ್ಕೆ ಕೊಡುವ ಅಂಕ ತುಂಬಾ ಜಾಸ್ತಿ, ಕಾರಣವನ್ನೂ ಹೇಳುತ್ತೇನೆ.

ಇಲ್ಲಿ ಮಾತಾಡುವವರಿಗೆ ನಮ್ಮ ಊರುಗಳ ಹೆಸರು ಬಾಯಲ್ಲಿ ಸರಿಯಾಗಿ ಬರುತ್ತದೆ. ಸುಮ್ನೆ ಹೇಳುತ್ತಿಲ್ಲ. ಟಿವಿಯಲ್ಲಿ ಊರಿನ ಹೆಸರನ್ನೇ ತಿರುಚಿ ಓದಿದಾಗ, ಇವರಿಗೆ ಆ ಜಾಗ ಎಲ್ಲಿದೆ ಅಂತಲೇ ಗೊತ್ತಿಲ್ಲ ಅಂತ ಕೇಳುವವರಿಗೆ ತಿಳಿಯುತ್ತದೆ. ಇಲ್ಲಿ ಹಾಗಿಲ್ಲ. ಗರ್ವಾಲೆ, ಸೂರ್ಲಬ್ಬಿ, ಕುಂದಚೇರಿ, ಚೆಯ್ಯಂಡಾಣೆ, ಎಲ್ಲವೂ ನಾವು ಹೇಳುವ ಹಾಗೇ ಬರುತ್ತವೆ. ಭಾಗಮಂಡಲದ ತ್ರಿವೇಣಿ ಸಂಗಮದಲ್ಲಿ ನೀರು ಏರಿದೆಯಾ, ಹಾರಂಗಿ ಅಣೆಕಟ್ಟೆಯಲ್ಲಿ ನೀರು ಎಷ್ಟು ಅಡಿ, ಹೊರಹರಿವು ಎಷ್ಟು, ಇವೆಲ್ಲಾ ಕೂಗಾಟ ಇಲ್ಲದೆ ಬರುತ್ತವೆ. ಹಾರಂಗಿಯ ಪೂರ್ತಿ ಮಟ್ಟ 2,859 ಅಡಿ. ಕುಶಾಲನಗರದ ಹೊಳೆ ಬದಿಯ ಬಡಾವಣೆಯಲ್ಲಿ ನನ್ನ ತಂಗಿ ಮನೆ ಇದೆ, ಹಾಗಾಗಿ ಆ ಸಂಖ್ಯೆ ನನಗೆ ಬಾಯಿಪಾಠ.

ಶಾಲೆ ರಜೆಯ ವಿಷಯ ಇನ್ನೂ ಮುಖ್ಯ. ಮಳೆ ರಜೆಗೆ ಜಿಲ್ಲಾಧಿಕಾರಿ ಆದೇಶ ಹೊರಡಿಸುವುದು ಎಷ್ಟೋ ಸಲ ರಾತ್ರಿ ಅಥವಾ ಬೆಳ್ಳಂಬೆಳಿಗ್ಗೆ. ವಾಟ್ಸಾಪ್‌ನಲ್ಲಿ ಹಳೇ ಆದೇಶದ ದಿನಾಂಕ ತಿದ್ದಿ ಕಳಿಸುವವರು ಇದ್ದೇ ಇದ್ದಾರೆ. ಮಗ ಅಂಥದ್ದೊಂದನ್ನು ತೋರಿಸಿ ‘ಅಮ್ಮಾ, ಇವತ್ತು ರಜೆ’ ಅಂದಾಗ ಅತ್ತೆ ಹೇಳುವುದು ಒಂದೇ ಮಾತು: ‘ರೇಡಿಯೋದವ್ರು ಹೇಳ್ಲಿ ಮಗಾ, ಆಮೇಲೆ ಮಲಕ್ಕೊ.’ ಮರುದಿನದ ‘ಶಕ್ತಿ’ ಪತ್ರಿಕೆಯಲ್ಲಿ ಎಲ್ಲಾ ವಿವರವಾಗಿ ಬರುತ್ತದೆ ನಿಜ. ಆದರೆ ರಸ್ತೆ ಮೇಲೆ ಮರ ಬಿದ್ದ ದಿನ ಪೇಪರ್ ನಮ್ಮ ಮನೆಗೆ ತಲುಪುವುದು ಮಧ್ಯಾಹ್ನ.

ಕೃಷಿ ಕಾರ್ಯಕ್ರಮಗಳು ನಮಗೆ ನೇರವಾಗಿ ಉಪಯೋಗಕ್ಕೆ ಬಂದಿವೆ. ಬಿಡದೆ ಮಳೆ ಹೊಯ್ದರೆ ಕಾಫಿಗೆ ಕೊಳೆ ರೋಗ ಬರುತ್ತದೆ. ಎಲೆ ಕಪ್ಪಾಗಿ, ಕೊಳೆತು, ನೂಲಿನಂಥ ಎಳೆಯಲ್ಲಿ ಗಿಡಕ್ಕೇ ನೇತಾಡುತ್ತದೆ. ಅದನ್ನು ಕಿತ್ತು ತೋಟದಿಂದ ಹೊರಗೆ ಹಾಕಿ ಸುಡಬೇಕು, ನೆರಳು ಮರದ ಕೊಂಬೆ ಕಡಿಸಿ ಗಾಳಿ ಬೆಳಕು ಆಡುವ ಹಾಗೆ ನೋಡಿಕೊಳ್ಳಬೇಕು, ಮಳೆ ಬಿಡುವು ಕೊಟ್ಟಾಗ ಬೋರ್ಡೋ ದ್ರಾವಣ ಹೊಡೆಯಬೇಕು. ಇದನ್ನೆಲ್ಲಾ ಒಬ್ಬ ವಿಜ್ಞಾನಿ ನಿಧಾನವಾಗಿ, ಪ್ರಶ್ನೆ ಕೇಳಿದವರಿಗೆ ಉತ್ತರ ಕೊಡುತ್ತಾ ಹೇಳಿದರು. ಚೆಟ್ಟಳ್ಳಿಯಲ್ಲಿ 1946ರಿಂದ ಕಾಫಿ ಸಂಶೋಧನಾ ಉಪಕೇಂದ್ರ ಇದೆ. ಆದರೆ ಜುಲೈ ಮಳೆಯಲ್ಲಿ ಅಲ್ಲಿವರೆಗೆ ಹೋಗುವವರು ಎಷ್ಟು ಜನ? ನಮ್ಮನೆಯವರು ಅದನ್ನು ಕೇಳಿದ ಮಧ್ಯಾಹ್ನವೇ ಕೆಳಗಿನ ಬ್ಲಾಕಿಗೆ ಹೋಗಿ ಗಿಡ ನೋಡಿ ಬಂದರು.

ಕೊಡವ ಭಾಷೆಯ ಕಾರ್ಯಕ್ರಮಗಳೂ ಬರುತ್ತವೆ. ನಮ್ಮ ಮನೆಮಾತು ಕನ್ನಡ. ಆದರೂ ಅತ್ತೆ ಮಾದಾಪುರದ ಕಡೆ ಬೆಳೆದವರು, ಕೊಡವ ತಕ್ಕ್ ಚೆನ್ನಾಗಿ ಅರ್ಥವಾಗುತ್ತದೆ. ಆ ಹಾಡು ಬಂದಾಗ ಹಳೆಯ ಗೆಳತಿಯರ ನೆನಪು ತೆಗೆಯುತ್ತಾರೆ. ಕಕ್ಕಡದಲ್ಲಿ (ಆಟಿ ತಿಂಗಳು) ಮದ್ದು ಸೊಪ್ಪಿನ ಪಾಯಸದ ಮಾತು ಬಂದ ದಿನ ಮಗನನ್ನು ಕರೆದುಕೊಂಡು ಬೇಲಿ ಸಾಲಿಗೆ ಹೋಗಿ ಸೊಪ್ಪು ಕೊಯ್ದು ತಂದರು. ಸೊಪ್ಪನ್ನು ಕುದಿಸಿದರೆ ನೀರು ಕಡು ನೇರಳೆ ಬಣ್ಣಕ್ಕೆ ಬರುತ್ತದೆ. ಮಗ ಅದನ್ನು ಒಲೆ ಮುಂದೆ ಕೂತು ನೋಡಿದ್ದು ಅದೇ ಮೊದಲು.

ಟಿವಿ ಇಲ್ಲದ ಮನೆ ಹೇಗಿರುತ್ತದೆ ಅಂತ ಕೇಳುವವರಿಗೆ ನಾನು ಮಳೆಮಾಪಕದ ವಿಷಯ ಹೇಳುತ್ತೇನೆ. ಕೊಡಗಿನ ತೋಟದ ಮನೆಗಳಲ್ಲಿ ಇದು ಇದ್ದೇ ಇರುತ್ತದೆ. ಅಂಗಳದ ಬಯಲಲ್ಲಿ ಒಂದು ಆಲಿಕೆ, ಅದರ ಕೆಳಗೆ ಪಾತ್ರೆ. ಬೆಳಿಗ್ಗೆ ಎಂಟೂವರೆಗೆ ಆ ನೀರನ್ನು ಗೆರೆ ಹಾಕಿದ ಗಾಜಿನ ಜಾಡಿಗೆ ಸುರಿದು ಅಳೆಯುತ್ತಾರೆ. ಲೆಕ್ಕ ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಮಾವ ಇದ್ದಾಗ ಅವರೇ ಬರೆಯುತ್ತಿದ್ದರು. ಅವರು ಹೋದ ಮೇಲೆ ಪುಸ್ತಕ ಕಪಾಟು ಸೇರಿತ್ತು. ಟಿವಿ ನಿಂತ ಮೇಲೆ ಅತ್ತೆ ಅದನ್ನು ಹೊರಗೆ ತೆಗೆದರು. ಕೊಡೆ ಹಿಡಿದು ಮಗ ಅಳೆಯುತ್ತಾನೆ, ಅತ್ತೆ ಬರೆಯುತ್ತಾರೆ. ರೇಡಿಯೋದಲ್ಲಿ ಜಿಲ್ಲೆಯ ಮಳೆಯನ್ನು ಮಿಲಿಮೀಟರ್‌ನಲ್ಲಿ ಹೇಳಿದರೆ ಇಪ್ಪತ್ತೈದರಿಂದ ಭಾಗಿಸಿ ಇಂಚು ಮಾಡಿಕೊಳ್ಳುತ್ತಾರೆ. ಮಡಿಕೇರಿಗೆ ಎಷ್ಟು, ಶಾಂತಳ್ಳಿಗೆ ಎಷ್ಟು, ನಮಗೆಷ್ಟು ಅಂತ ಹೋಲಿಸುತ್ತಾರೆ. ಮಳೆಯ ಹೆದರಿಕೆ ಪೂರ್ತಿ ಹೋಗಿಲ್ಲ, ಹೋಗುವುದೂ ಬೇಡ. ಆದರೆ ಈಗ ಅವರ ಕೈಯಲ್ಲಿ ನಮ್ಮ ಅಂಗಳದ ಲೆಕ್ಕ ಇದೆ, ಹಿಂದಿನ ವರ್ಷಗಳ ಲೆಕ್ಕವೂ ಇದೆ. ರಾತ್ರಿ ಎದ್ದು ಟಾರ್ಚ್ ಬಿಡುವುದು ನಿಂತಿದೆ. ಇದೊಂದಕ್ಕೇ ಈ ವ್ಯವಸ್ಥೆಗೆ ನಾನು ಪೂರ್ತಿ ಅಂಕ ಕೊಡಬಲ್ಲೆ.

ಕೊರತೆಗಳೂ ಇವೆ. ಸಂಜೆಯ ಧಾರಾವಾಹಿ ಬಿಟ್ಟಿದ್ದು ಅತ್ತೆಗೆ ಮೊದಲ ವಾರ ನಿಜಕ್ಕೂ ಕಷ್ಟ ಆಯಿತು. ಏಳರಿಂದ ಒಂಬತ್ತರವರೆಗೆ ಏನು ಮಾಡಬೇಕು ಅಂತ ತೋಚದೆ ಅಡುಗೆಮನೆಗೂ ಜಗಲಿಗೂ ಓಡಾಡುತ್ತಿದ್ದರು. ಆ ಹೊತ್ತಿಗೆ ಕೈಗೆ ಏನಾದರೂ ಕೆಲಸ ಇರಬೇಕು. ಮೆಣಸು ಆರಿಸುವುದು, ಹಲಸಿನ ಬೀಜ ಸುಲಿಯುವುದು, ಏನಾದರೂ ಆದೀತು. ಮಗನಿಗೆ ಕ್ರಿಕೆಟ್ ಇಲ್ಲ. ದೊಡ್ಡ ಪಂದ್ಯ ಇದ್ದರೆ ಪಕ್ಕದ ತೋಟದ ಅಣ್ಣನ ಮನೆಗೆ ಹೋಗುತ್ತಾನೆ, ಅಲ್ಲೂ ಮಳೆ ಬಂದರೆ ಇಲ್ಲ. ಫೋನ್ ಹಿಡಿದು ಕೂರುವುದನ್ನು ತಡೆಯದಿದ್ದರೆ ಟಿವಿ ನಿಲ್ಲಿಸಿ ಏನೂ ಪ್ರಯೋಜನ ಇಲ್ಲ. ನಮ್ಮ ಪುಣ್ಯ, ಮಳೆಗಾಲದಲ್ಲಿ ಟವರೂ ಆಗಾಗ ಹೋಗುತ್ತದೆ. ಪ್ರಸಾರ ಭಾರತಿಯ ಆ್ಯಪ್‌ನಲ್ಲಿ ಆಕಾಶವಾಣಿ ಕೇಂದ್ರಗಳು ಸಿಗುತ್ತವೆ, ಸೆಟ್ ಯಾಕೆ ಅಂತ ಮಗಳು ಕೇಳಿದಳು. ಮೈಸೂರಿನಲ್ಲಿ ಕೂತು ಕೇಳಲು ಅದು ಸರಿ. ಇಲ್ಲಿ ನೆಟ್ ಹೋದ ದಿನವೇ ರೇಡಿಯೋ ಬೇಕಾಗುವುದು.

ಒಬ್ಬರೇ ಇರುವ, ಕಿವಿ ಮಂದವಾದ ಹಿರಿಯರಿಗೆ ನಾನು ಇದನ್ನು ಹೇಳುವುದಿಲ್ಲ. ಅವರಿಗೆ ಚಿತ್ರ, ಬರಹ ಇರುವ ಟಿವಿಯೇ ಆಸರೆ. ಕುಶಾಲನಗರದ ಹಾಗೆ ಮಳೆ ಕಡಿಮೆ ಇರುವ ಕಡೆ ಕೇಬಲ್ ಇದ್ದರೆ ನಿಲ್ಲಿಸುವ ಅಗತ್ಯವೂ ಇಲ್ಲ, ಸುದ್ದಿ ಚಾನೆಲ್‌ಗಳನ್ನು ಮಾತ್ರ ಪ್ಯಾಕಿನಿಂದ ತೆಗೆಸಿದರೆ ಸಾಕು. ಶಾಂತಳ್ಳಿ, ಗಾಳಿಬೀಡು, ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಮಾತ್ರ ಕಣ್ಣುಮುಚ್ಚಿ ಹೇಳುತ್ತೇನೆ, ಮಾಡಿ.

ಸೆಟ್ಟಿನ ಆರೈಕೆ ಬಗ್ಗೆ ಎರಡು ಮಾತು. ನಮ್ಮ ಥಂಡಿಗೆ ಸೆಲ್ ಕೂರುವ ತಗಡಿಗೆ ಹಸಿರು ಕಿಲುಬು ಬರುತ್ತದೆ. ಆಗಾಗ ಬಿಚ್ಚಿ ಒಣ ಬಟ್ಟೆಯಲ್ಲಿ ಉಜ್ಜಿ. ಒಲೆಯ ಹೊಗೆ ನೇರ ತಾಗುವ ಕಡೆ ಇಡಬೇಡಿ. ಮಳೆಗಾಲ ಮುಗಿದ ಮೇಲೆ ಸೆಲ್ ತೆಗೆದಿಡಿ, ಒಳಗೇ ಬಿಟ್ಟರೆ ಸೋರಿ ಸೆಟ್ ಹಾಳಾಗುತ್ತದೆ.

ಡಿಶ್ ಮತ್ತೆ ಚಾಲೂ ಮಾಡಿಸುವುದು ದಸರೆಗೆ ಮೊದಲು. ಮೈಸೂರಿನ ಜಂಬೂ ಸವಾರಿಯನ್ನು ಅತ್ತೆಗೆ ಟಿವಿಯಲ್ಲಿ ನೋಡಲೇಬೇಕು, ಅದರಲ್ಲಿ ರಾಜಿ ಇಲ್ಲ. ಒಂದು ವಾರ ಮುಂಚೆ ಫೋನ್ ಮಾಡಿ, ಇಟ್ಟುಕೊಂಡಿದ್ದ ಆ ನಂಬರ್ ಹೇಳಿ. ಡಿಶ್‌ಗೆ ಅಡ್ಡವಾಗಿ ಬೆಳೆದ ಸಿಲ್ವರ್ ಓಕ್ ಕೊಂಬೆ ಇದ್ದರೆ ಅಷ್ಟರೊಳಗೆ ಕಡಿಸಿಡಿ. ಅವರು ಚಾಲೂ ಮಾಡುತ್ತೇವೆ ಅಂದ ಹೊತ್ತಿಗೆ ಸೆಟ್ ಟಾಪ್ ಬಾಕ್ಸ್ ಆನ್ ಆಗಿರಬೇಕು, ಇಲ್ಲದಿದ್ದರೆ ಅವರು ಕಳಿಸಿದ ಸಿಗ್ನಲ್ ಬಾಕ್ಸಿಗೆ ಹತ್ತುವುದಿಲ್ಲ, ಮತ್ತೆ ಫೋನ್ ಮಾಡಬೇಕಾಗುತ್ತದೆ.